ಒಂಬತ್ತರ ಮಗ್ಗಿ

ಕಾರ್ತೀಕದ ಕೊನೆಯ ಸೋಮವಾರ, ಶಿಡ್ಲಘಟ್ಟದಲ್ಲಿ
ಗೂಡಿನ ಮಾರ್ಕೆಟ್ಟು ಹರಾಜು ಮುಗಿಸಿ ಬಾಗಿಲೆಳೆದ ಮೇಲೆ
ನಾನೂ ಅರ್ಧ ಶಟರ್ ಇಳಿಸಿ
ಕಂಪ್ಯೂಟರಿನ ಪಕ್ಕೆ ಬಿಚ್ಚಿದೆ.

ಹದಿನಾಲ್ಕು ವರ್ಷದ ಬೋರ್ಡು.
ಒಳಗಿದ್ದದ್ದು ಬರೀ ಧೂಳಲ್ಲ, ರೇಷ್ಮೆಯ ನವಿರು:
ಬಿಚ್ಚಾಣಿಕೆ ಶೆಡ್ಡುಗಳಿಂದ ಹಾರಿ ಬಂದು
ಫ್ಯಾನಿನ ರೆಕ್ಕೆಗೆ ಸುತ್ತಿಕೊಂಡು
ಹುಳುವಿಲ್ಲದೆಯೇ ಒಂದು ಗೂಡು ಕಟ್ಟಿತ್ತು.

ಲಗ್ನಪತ್ರಿಕೆ ತೆರೆಯಲು ಇದಕ್ಕೆ ನಾಲ್ಕು ನಿಮಿಷ ಬೇಕು.
ಅಷ್ಟರಲ್ಲಿ ಗಂಡಿನ ಕಡೆಯವರು
ಒಂದು ಹೆಸರು ಸೇರಿಸಿ, ಎರಡು ಹೊಡೆದುಹಾಕಿ
ತಮ್ಮೊಳಗೇ ಜಗಳವಾಡಿ ಸುಸ್ತಾಗಿರುತ್ತಾರೆ.
ಹೊಸದು ತಗೋ ಅನ್ನುವವರು ಬೀದಿ ತುಂಬ ಇದ್ದಾರೆ.

ಚಿಂತಾಮಣಿಯ ಮುಚ್ಚಿದ ಸೈಬರ್ ಕೆಫೆಯಿಂದ
ಗುಜರಿ ನಯಾಜ್ ತಂದುಕೊಟ್ಟ ಚಿಪ್ಪು,
ಒಂಬೈನೂರು ಹೇಳಿ ಏಳುನೂರಕ್ಕೆ ಇಳಿದದ್ದು.
ಎರಡು ಕೋರಿನ ಜಾಗಕ್ಕೆ ನಾಲ್ಕು.
ಹಳೆಯದು ಕೂತಿರುವಾಗಲೇ ಬಯಾಸ್ ಬರೆಸಿದ್ದೆ, ಹಿಂದಿನ ರಾತ್ರಿ.
ಮೂರೇ ನಿಮಿಷ; ನಡುವೆ ಕರೆಂಟು ಹೋದರೆ ಬೋರ್ಡೂ ಹೋಯಿತು.
ಲೈನ್‌ಮನ್ ಗಂಗುಲಪ್ಪನಿಗೆ ಫೋನು ಮಾಡಿದೆ:
ಅಣ್ಣಾ, ಒಂಬತ್ತೂವರೆಗೆ ತೆಗೀಬೇಡ.
ನಾನು ತೆಗೆಯಲ್ಲಮ್ಮ, ಅದಾಗದೇ ಹೋದ್ರೆ
ನನ್ನ ಕೇಳಬೇಡ, ಅಂದ.

ಸಾಕೆಟ್ಟಿನಲ್ಲಿ ಏಳುನೂರ ಎಪ್ಪತ್ತೈದು ಪಿನ್ನು,
ಒಂದು ಬಾಗಿತ್ತು.
ಮೊಬೈಲಿನ ಬೆಳಕಲ್ಲಿ ಉಸಿರು ಬಿಗಿಹಿಡಿದು
ಹೊಲಿಗೆ ಸೂಜಿಯಿಂದ ಅದನ್ನೆತ್ತಿದೆ,
ಅಮ್ಮ ಬೇಯುವ ಗೂಡಿನ ಮೈ ಸವರಿ
ಎಳೆಯ ತುದಿ ಹುಡುಕುತ್ತಿದ್ದ ಹಾಗೆ.
ಪೇಸ್ಟು ಅವರೆಕಾಳಷ್ಟಲ್ಲ, ತೊಗರಿಬೇಳೆಯಷ್ಟು.
ಜಾಸ್ತಿಯಾದರೆ ಅದೇ ಕಂಬಳಿ.

ಚಿಪ್ಪಿನೊಳಗೆ ಗುಣಕ ಒಂಬತ್ತು, ಬೀಗ ಹಾಕಿದ್ದು.
ನಮ್ಮ ಕೈಲಿರುವುದು ಬೋರ್ಡಿನ ಬಡಿತ.
ಇನ್ನೂರ ಅರವತ್ತಾರು ಅಂತ ಕಂಪನಿಯ ಮಾತು.
ಮುನ್ನೂರಕ್ಕೆ ಏರಿಸಿದೆ.
ಒಂಬತ್ಮೂರ್ಲ ಇಪ್ಪತ್ತೇಳು, ಮುಂದೆರಡು ಸೊನ್ನೆ. ಎದ್ದಿತು.
ಮುನ್ನೂರ ಇಪ್ಪತ್ತು. ಬಾಯಲ್ಲೇ ಗುಣಿಸಿದೆ,
ರುದ್ರಮ್ಮ ಟೀಚರ್ ಬೆತ್ತ ಹಿಡಿದು
ಬೆನ್ನ ಹಿಂದೆಯೇ ನಿಂತಂತೆ. ಎದ್ದಿತು.
ಮುನ್ನೂರ ಮೂವತ್ತಮೂರು:
ಮೂರು ಸಾವಿರಕ್ಕೆ ಮೂರೇ ಕಮ್ಮಿ.
ಎದ್ದಿತು! ಪತ್ರಿಕೆ ತೆರೆಯಿತು,
ಗಣಪತಿಯ ಸೊಂಡಿಲ ತನಕ ಬಂದು
ನಿಂತಿತು.
ಪರದೆ ತುಂಬ ನೀಲಿ.

ಅಷ್ಟೊತ್ತಿಗೆ ಶಟರಿನಡಿ ಬಗ್ಗಿ ಬಂದರು
ರೀಲರ್ ಖಲಂದರ್ ಚಾಚಾ, ರಸೀದಿ ಪುಸ್ತಕದ ಪ್ರೂಫಿಗೆ.
ನಲವತ್ತು ವರ್ಷ ಬಿಸಿನೀರಲ್ಲಿ ಬೆಂದ ಬೆರಳು;
ಗೆರೆ ಅಳಿಸಿ, ರೇಷನ್ ಅಂಗಡಿಯ ಯಂತ್ರ
ಅವರನ್ನು ಅವರೆಂದು ಒಪ್ಪುವುದಿಲ್ಲ.
ಆ ಬೆರಳನ್ನು ಹೀಟ್‌ಸಿಂಕಿನ ಬುಡಕ್ಕೆ ಒತ್ತಿ
ಎಪ್ಪತ್ತು ದಾಟಿದೆ, ಅಂದರು.
ಮತ್ತೆ ಹಚ್ಚಿ ನೋಡಿದೆ. ಎಪ್ಪತ್ಮೂರು.

ಎಷ್ಟು ಓಡಿಸ್ತಿದ್ದೀಯ ಬೇಟಿ?
ಕಾಲುಪಾಲು ಜಾಸ್ತಿ, ಚಾಚಾ.
ಎಳೆ ಚೆನ್ನಾಗಿ ಬರುತ್ತಾ?
ಅದೇ ಎಳೆ. ಬೇಗ ಬರುತ್ತೆ.
ತುಂಡಾಗೋದೂ ಬೇಗ, ಅಂತ ನಕ್ಕರು.
ಗಂಟು ಹಾಕೋಕೆ ನಿಲ್ಲಿಸಿದ ಹೊತ್ತನ್ನೂ
ಲೆಕ್ಕಕ್ಕೆ ಹಿಡಿ.
ಪ್ರೂಫು ನೋಡುವುದನ್ನು ಮರೆತೇ ಹೋದರು.

ಮುನ್ನೂರ ಇಪ್ಪತ್ತಕ್ಕೆ ಇಳಿಸಿದೆ.
ಬೆಳಗಾಗುವ ತನಕ ಯಾರಿಗೂ ಬೇಡದ
ಅವಿಭಾಜ್ಯ ಸಂಖ್ಯೆಗಳನ್ನು ಹುಡುಕಿಸಿದೆ;
ಒಂದು ಸಲವೂ ತಪ್ಪಲಿಲ್ಲ.
ಮುಚ್ಚಳದ ಒಳಗೆ ಚೀಟಿ ಅಂಟಿಸಿದೆ:
ಚಳಿಗೆ ೩೨೦. ಶಿವರಾತ್ರಿ ಕಳೆದ ಮೇಲೆ ೩೦೦.

ಬೆಳಿಗ್ಗೆ ಗಂಡಿನ ಕಡೆಯವರು ಬಂದರು.
ಚಪ್ಪಲಿ ಬಿಟ್ಟು ಕೂರುವ ಮೊದಲೇ ಪತ್ರಿಕೆ ತೆರೆದಿತ್ತು.
ಜಗಳಕ್ಕೆ ಹೊತ್ತೇ ಸಿಗದೆ
ಒಬ್ಬರ ಮುಖ ಒಬ್ಬರು ನೋಡಿ, ಸರಿ ಇದೆ, ಅಂದರು.
ಐನೂರು ಪ್ರತಿ.

ಸಂಜೆ ಫೋನು:
ಸೋದರಮಾವನ ಹೆಸರೇ ಬಿಟ್ಟುಹೋಗಿದೆ.